ಕಂದೀಲು ಇಳಿಸಿದ ಮನೆ

ಬೀಗ ರಿಪೇರಿಯವನನ್ನು ಬೀದಿಯ ಜನ ಹೆಸರು ಹಿಡಿದು ಕರೆದದ್ದೇ ಇಲ್ಲ. ಗುಡುಗಪ್ಪ ಅನ್ನುತ್ತಿದ್ದರು. ದನಿ ಹಾಗಿತ್ತು, ಸಿಟ್ಟೂ ಹಾಗೇ ಇತ್ತು. ಅರ ಹಿಡಿದು ಕೀಲಿಯ ಹಲ್ಲು ಉಜ್ಜುವಾಗ ಯಾರಾದರೂ ಅವಸರ ಮಾಡಿದರೆ, "ಹಾಗಾದ್ರೆ ಬಾಗಿಲು ಒಡ್ಕೊಂಡು ಒಳಗೋಗಿ" ಎಂದು ಬೀಗವನ್ನು ಮುಖದ ಮುಂದೆ ಕುಕ್ಕುವ ಆಸಾಮಿ.

ಚರ್ಚಿನ ಹಾಡುಗಾರರಲ್ಲಿ ಅವನದು ಬೇಸ್. ಅಂದರೆ ಬೇರೆಯವರೆಲ್ಲ ರಾಗ ಎತ್ತಿದಾಗ ಅದರಡಿ ನೆಲದ ಹಾಗೆ ಹಾಸಿಕೊಂಡಿರುವ ದಪ್ಪ ದನಿ. ಕ್ರಿಸ್‌ಮಸ್ ಹತ್ತಿರವಾದಂತೆ ಕಂದೀಲು ಹಿಡಿದು ಮನೆ ಮನೆಗೆ ಹೋಗಿ ಹಾಡುವಾಗ ಗುಂಪಿನ ಯಜಮಾನಿಕೆಯೂ ಅವನದೇ. ತಡವಾಗಿ ಬಂದವನಿಗೆ ಬೈಗುಳ, ನಡುವೆ ನಕ್ಕವನಿಗೆ ಬೈಗುಳ. "ಇದು ಆಟ ಅಲ್ಲ ಕಣ್ರೋ, ಡ್ಯೂಟಿ!" ಹಾಡಿ ಖುಷಿಯಾಯಿತೇ ಎಂದು ಅವನನ್ನು ಯಾರೂ ಕೇಳಲಿಲ್ಲ, ಅವನೂ ಕೇಳಿಕೊಳ್ಳಲಿಲ್ಲ.

ಹೆಂಡತಿ ಮಾತ್ರ ಪಾತ್ರೆ ತೊಳೆಯುತ್ತಾ ಆಗಾಗ ಅನ್ನುತ್ತಿದ್ದಳು: "ಊರಿಗೆಲ್ಲ ಹಾಡ್ತೀರ, ನಂಗೊಂದ್ಸಲ ಮನೇಲಿ ಹಾಡ್ರೀ."

"ಬೇಸ್ ಒಂದೇ ಹಾಡೋಕಾಗಲ್ಲ ಕಣೇ. ಬಾವಿಗೆ ಬಿದ್ದ ಎಮ್ಮೆ ಕೂಗಿದಂಗಿರುತ್ತೆ."

"ಎಮ್ಮೆನಾದ್ರೂ ಸರಿ, ನಮ್ಮನೆ ಎಮ್ಮೆ ತಾನೆ?"

ಅವನು ಹಾಡಲಿಲ್ಲ. ಈ ಸಲ ಮಳೆಗಾಲದ ಕೊನೆಗೆ ಅವಳು ತೀರಿಹೋದಳು.

ಗುಂಪಿಗೆ ಅವನೇ ಹಾಕಿಕೊಟ್ಟ ಒಂದು ಕಟ್ಟಳೆಯಿತ್ತು. ಸಾವಾದ ಮನೆಯ ಮುಂದೆ ಹಾಡಬಾರದು. ಆ ಮನೆಯವರೇ ಮತ್ತೆ ಬಾಗಿಲಿಗೆ ಕಾಗದದ ನಕ್ಷತ್ರ ಕಟ್ಟುವವರೆಗೆ, ಕಂದೀಲನ್ನು ಮೊಣಕಾಲಿಗಿಳಿಸಿ ಸದ್ದಿಲ್ಲದೆ ದಾಟಬೇಕು. ನೊಂದವರಿಗೆ ತೋರಿಸುವ ಮರ್ಯಾದೆ ಅದು ಎಂದು ಅವನು ಮನಸಾರೆ ನಂಬಿದ್ದ. ಹಿಂದಿನ ವರ್ಷ ಎದುರು ಸಾಲಿನ ಟೈಲರಮ್ಮನ ಒಬ್ಬನೇ ಮಗ ಜ್ವರದಲ್ಲಿ ತೀರಿಹೋದಾಗ ಅವಳ ಮನೆಯನ್ನೂ ಹಾಗೆಯೇ ದಾಟಿಸಿದ್ದ.

ಈ ವರ್ಷ ಗುಡುಗಪ್ಪ ಗುಂಪಿಗೆ ಹೋಗಲಿಲ್ಲ. ಚರ್ಚಿಗೆ ಹೋಗಿ ಎಲ್ಲರ ಜೊತೆ ಎದ್ದು, ಕೂತು, ಮೊಣಕಾಲೂರಿ ಬಂದಿದ್ದ. ಎದೆಯಲ್ಲಿ ಏನೂ ಅಲ್ಲಾಡಲಿಲ್ಲ. ದೇವರ ಜೊತೆ ಜಗಳಕ್ಕಿಳಿಯುವಷ್ಟು ಉಸಿರೂ ಉಳಿದಿರಲಿಲ್ಲ. ಮುಸ್ಸಂಜೆ ಹೊತ್ತಿಗೆ ದೀಪ ಹಾಕದೆ ಬಾಗಿಲಿಗೆ ಎದುರಾಗಿ ಕೂತಿದ್ದ. ದೂರದಲ್ಲಿ ಹಾಡು ಶುರುವಾಯಿತು. ಅವನಿಲ್ಲದ ಹಾಡು ಕಾಲು ಮುರಿದ ಮೇಜಿನ ಹಾಗೆ ಓಲಾಡುತ್ತಿತ್ತು. ಆದರೂ ಕಿವಿಗೊಟ್ಟ. ಪಕ್ಕದ ಮನೆ ಮುಗಿಯಿತು. ಕಟ್ಟಳೆ ಗೊತ್ತಿದ್ದೂ, ಇವರು ಮರೆತು ಹಾಡಿಬಿಡಲಿ ಎಂದು ಒಳಗೆ ಏನೋ ಮಗುವಿನ ಹಾಗೆ ಹಟ ಹಿಡಿಯಿತು.

ಗುಂಪಿನಲ್ಲಿದ್ದ ಬೇಕರಿಯವನ ಪಿಸುಮಾತು ಕೇಳಿಸಿತು: "ಇಳಿಸ್ರೋ, ಇಳಿಸ್ರೋ. ಮಾಮನ ಮನೆ."

ಬಾಗಿಲ ಸಂದಿನಿಂದ ಬೆಳಕು ಒಳಗೆ ಹರಿದು, ಅವನ ಪಾದ ಸವರಿ, ಹೆಂಡತಿಯ ಖಾಲಿ ಮಂಚದ ಕಾಲು ಮುಟ್ಟಿ, ಹೊರಟುಹೋಯಿತು. "ಹಾಡ್ರೋ ಕತ್ತೆಗಳಾ!" ಎಂದು ಕೂಗಬೇಕೆನಿಸಿತು. ತುಸು ಹೊತ್ತಿಗೆ ಎದುರು ಸಾಲಿನಲ್ಲೂ ಹಾಡು ಒಂದು ಕಡೆ ಥಟ್ಟನೆ ನಿಂತು ಮುಂದೆ ಹೋಯಿತು. ಅದು ಯಾರ ಮನೆ ಎಂದು ಅವನಿಗೆ ಯಾರೂ ಹೇಳಬೇಕಿರಲಿಲ್ಲ.

ಆಮೇಲೆ ಅವನು ಯೋಚಿಸಲಿಲ್ಲ. ಯೋಚಿಸಿದ್ದರೆ ಕೂತೇ ಇರುತ್ತಿದ್ದ. ಚಪ್ಪಲಿಯೂ ಮೆಟ್ಟದೆ ಬೀದಿ ದಾಟಿ, ಟೈಲರಮ್ಮನ ಬಾಗಿಲಲ್ಲಿ ನಿಂತು ಹಾಡತೊಡಗಿದ. ಅವನಿಗೆ ಬರುತ್ತಿದ್ದದ್ದು ಬೇಸ್ ಒಂದೇ. ರಾಗವಿಲ್ಲ, ತಲೆಬುಡವಿಲ್ಲ, ಬರೀ ಗೊರಗೊರ.

ಒಳಗಿನಿಂದ ದನಿ ಬಂತು: "ಯಾರ್ರೀ ಅದು, ಹೊಟ್ಟೆನೋವಾ?"

"ನಾನು ಕಣಮ್ಮಾ! ಹಾಡ್ತಾ ಇದೀನಿ!"

ಬಾಗಿಲು ತೆರೆಯಿತು. ಕೊರಳಲ್ಲಿ ಅಳತೆ ಟೇಪು, ಬಾಯಲ್ಲಿ ಗುಂಡುಸೂಜಿ. ಸೂಜಿ ತೆಗೆದು ಅಂದಳು: "ಸತ್ತ ಮನೆ ಮುಂದೆ ಹಾಡಬಾರದು ಅಂತ ರೂಲ್ಸ್ ಮಾಡಿದ್ದು ನೀವೇ ಅಲ್ವಾ ಅಣ್ಣಾ?"

"ಹೂಂ. ಮಾಡಿದವನು ಕತ್ತೆ."

"ಹೋದ ವರ್ಷ ಕಿಟಕಿ ಹತ್ರಾನೇ ನಿಂತಿದ್ದೆ. ಬೆಳಕು ಕೆಳಗಿಳೀತು. ನಮ್ಮನೆಗೆ ಮಾತ್ರ ಆ ದೇವರ ಮಗ ಹುಟ್ಟಲಿಲ್ವೇನೋ ಅನ್ನಿಸ್ತು." ಟೇಪನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. "ನಕ್ಷತ್ರ ಕಟ್ಟೋಕೆ ಕೈ ಮೇಲೇಳ್ಬೇಕಲ್ಲ ಅಣ್ಣಾ. ಎಲ್ಲಿ ಏಳುತ್ತೆ?"

ಗುಡುಗಪ್ಪ ತಲೆ ತಗ್ಗಿಸಿ ಮತ್ತೆ ಮೊದಲಿನಿಂದ ಗೊರಗೊರ ಎಂದ. ಅವಳು ಬಾಗಿಲಿಗೊರಗಿ ಕೇಳಿದಳು. ಯಾವ ಹಾಡೆಂದು ಹಿಡಿಯುವುದಕ್ಕೆ ಅವಳಿಗೆ ಒಂದಿಷ್ಟು ಹೊತ್ತು ಬೇಕಾಯಿತು. ಆಮೇಲೆ ಕೀರಲು ದನಿಯಲ್ಲಿ ರಾಗ ತಂದು ಮೇಲಿಟ್ಟಳು. ನಡುವೆ ಅವಳು ಅತ್ತಳು, ಅವನು ನಿಲ್ಲಿಸಲಿಲ್ಲ. ಆಮೇಲೆ ಅವನು ಅತ್ತ, ಅವಳು ನಿಲ್ಲಿಸಲಿಲ್ಲ.

ಇಷ್ಟು ವರ್ಷ ಹಾಡಿದ್ದರಲ್ಲಿ ಇಷ್ಟು ಕೆಟ್ಟದಾಗಿ ಅವನು ಎಂದೂ ಹಾಡಿರಲಿಲ್ಲ. ಎದೆ ಮೊದಲಿನಷ್ಟೇ ನೋಯುತ್ತಿತ್ತು, ಆ ನೋವಿನ ಮಧ್ಯದಲ್ಲೇ ಯಾವುದೋ ಬೆಚ್ಚಗಿನದು ಕಣ್ಣುಬಿಟ್ಟಿತ್ತು. ಅದನ್ನು ಖುಷಿ ಎನ್ನುವುದಕ್ಕೂ ಅವನಿಗೆ ಹೆದರಿಕೆಯಾಯಿತು.

ಮನೆಗೆ ಬಂದ. ಕತ್ತಲೆ ಅಲ್ಲೇ ಇತ್ತು, ಮಂಚವೂ ಖಾಲಿ. ಅದರ ಅಂಚಿನಲ್ಲಿ ಕೂತು, "ಕೇಳೇ" ಎಂದು, ಎಮ್ಮೆಯ ಹಾಗೆ ಹಾಡತೊಡಗಿದ.