ಒದ್ದೆ ಬಾವುಟ

ನಮ್ಮ ಉಸ್ತಾದರ ಬಲಗೆನ್ನೆಯ ಮೇಲೆ ರೂಪಾಯಿ ನಾಣ್ಯದಗಲದ ಕಪ್ಪು, ಗಟ್ಟಿ ಚರ್ಮವಿತ್ತು. ಮೂವತ್ತು ವರ್ಷ ರೈಫಲ್ಲಿಗೆ ಕೆನ್ನೆಯೊತ್ತಿದ ಗುರುತು. ಜೇಬಿನಲ್ಲಿ ಸದಾ ಸಿರುಗುಪ್ಪದ ಅಕ್ಕಿ ಗಿರಣಿಯ ಹೊಟ್ಟು. ಒಂದು ಚಿಟಿಕೆ ಹಾರಿಬಿಟ್ಟು, ಗಾಳಿ ನೋಡಿಯೇ ಪಾಠ ಶುರು.

ನಾನಾಗ ಪೊಲೀಸ್ ಪೇದೆ. ಕುರುಗೋಡು ದಾರಿಯ ಗುಡ್ಡದ ಬುಡದಲ್ಲಿ ನಮ್ಮ ಫೈರಿಂಗ್ ಮೈದಾನ. ಆರಕ್ಕೆ ಹಾಜರಿ; ನಿಮಿಷ ತಡವಾದರೆ ಮೂರು ಸುತ್ತು ಓಟ. ಗುಂಡು ಬಿಸಿಲಿಗಿಟ್ಟವನಿಗೂ ಅಷ್ಟೇ.

"ಗುಂಡು ಕಾದ್ರ ಮ್ಯಾಲೆ ಹೊಡಿತೈತಿ. ತಲಿ ಕಾದ್ರ ಎಲ್ಲಿಗೆ ಹೊಡಿತೈತೋ ಆ ದೇವರಿಗೇ ಗೊತ್ತು" ಎನ್ನುತ್ತಿದ್ದರು ಉಸ್ತಾದರು.

ರಾಜ್ಯ ಪೊಲೀಸ್ ಶೂಟಿಂಗ್ ತಂಡಕ್ಕೆ ನಮ್ಮಿಂದ ಒಬ್ಬನಿಗೆ ಮಾತ್ರ ಅವಕಾಶ. ಕಡೆಗೆ ಉಳಿದವರು ನಾನು, ಬ್ಯಾರಕ್ಕಿನಲ್ಲಿ ನನ್ನ ಪಕ್ಕದ ಮಂಚದವನು. ಮೊದಲ ಸರದಿ ನನ್ನದು. ಇಲ್ಲಿ ಹೊಟ್ಟು ಹಾರುತ್ತಿದ್ದರೂ ಮುನ್ನೂರು ಮೀಟರ್ ಆಚೆ, ಗುರಿಯ ಪಕ್ಕದ ಬಾವುಟ ಜೋತುಬಿದ್ದಿತ್ತು. ಅದನ್ನೇ ನಂಬಿ ನೇರ ಹೊಡೆದೆ. ಹತ್ತು ಗುಂಡೂ ಅಂಗೈಯಗಲದಲ್ಲೇ ಬಿದ್ದವು, ಆದರೆ ಕಪ್ಪು ವೃತ್ತದ ಹೊರಗೆ, ಬಲಕ್ಕೆ.

ಉಸ್ತಾದರು ನಡೆದುಹೋಗಿ ಬಾವುಟ ಹಿಂಡಿದರು. ನೀರು ತೊಟ್ಟಿಕ್ಕಿತು. ಬೆಳಿಗ್ಗೆ ಅದನ್ನು ಕಟ್ಟಿದವನು ಪಕ್ಕದ ಮಂಚದವನೇ.

"ಮಂಜಿರಬೇಕು ಬಿಡ್ರಿ" ಎಂದರು ಆಯ್ಕೆಗೆ ಬಂದಿದ್ದ ಸಾಹೇಬರು.

"ಬಳ್ಳಾರಿ ಬ್ಯಾಸಗ್ಯಾಗ ಮಂಜೇನ್ರಿ, ಸಾಹೇಬ್ರ?"

ಉಸ್ತಾದರ ಮಾತು ಕೇಳದವರಂತೆ ಸಾಹೇಬರು ನನ್ನ ಅಂಕ ಬರೆದುಕೊಂಡರು. ಅವನ ಸರದಿಯ ಹೊತ್ತಿಗೆ ಬಾವುಟ ಒಣಗಿತ್ತು. ತಂಡಕ್ಕೆ ಅವನೇ ಹೋದ.

ಮರುವರ್ಷದ ಆಯ್ಕೆಗೆ ತಿಂಗಳಿರುವಾಗ ಉಸ್ತಾದರಿಗೆ ಹೇಳಿದೆ: "ಈ ಸಲ ಬಾವುಟ ನಾನಾ ತೋಯಿಸ್ತೀನ್ರಿ."

"ಬಕೆಟ್ ಬಿಡಲೇ, ಸಿಟ್ಟು ಬಿಡಬ್ಯಾಡ" ಎಂದು ದುರ್ಬೀನು ಕೊಟ್ಟು ನಡುಮಧ್ಯಾಹ್ನ ನೆಲಕ್ಕೆ ಮಲಗಿಸಿದರು. "ಕಾದ ನೆಲದ ಮ್ಯಾಲೆ ಬಿಸಿಲುಗುದುರಿ ಎತ್ತ ಓಡ್ತೈತಿ ನೋಡು. ಗಾಳಿ ಅತ್ತ. ಇದನ್ನ ಯಾವ ಮಗನೂ ನೀರಾಗ ಅದ್ದಾಕ ಆಗಂಗಿಲ್ಲ."

ತಿಂಗಳಿಡೀ ಅದೇ ಪಾಠ. ಪಕ್ಕದ ಮಂಚದವನೂ ಕಲಿಯಲು ಬಂದ.

"ನಿನಗ ಬಾವುಟ ಐತೆಲ್ಲಪ್ಪ" ಎಂದು ಕಳಿಸಿದರು.

ಆಯ್ಕೆಯ ದಿನ ಗುಡ್ಡದ ಮರೆಯಲ್ಲಿ ಬಾವುಟ ಅಲುಗಲಿಲ್ಲ. ಮೈದಾನದ ನಡುವೆ ಮಾತ್ರ ಬಿಸಿಲುಗುದುರೆ ಎಡಕ್ಕೆ ಓಡುತ್ತಿತ್ತು. ಅವನು ಬಾವುಟ ನಂಬಿದ. ಗುಂಡುಗಳೆಲ್ಲ ಎಡಕ್ಕೆ ಹೋದವು. ನಾನು ಎರಡು ಗೇಣು ಬಲಕ್ಕೆ ಗುರಿಯಿಟ್ಟೆ. ಹತ್ತರಲ್ಲಿ ಒಂಬತ್ತು ಕಪ್ಪಿಗೆ ಬಿದ್ದವು. ಹೇಗೆಂದು ಅವನು ಕೇಳಿದಾಗ ರೈಫಲ್ ಒರೆಸುತ್ತ ಕುಳಿತೆ.

ಹೋದ ವರ್ಷ ಕೌಲ್ ಬಜಾರಿನ ಮನೆಯಲ್ಲಿ ಉಸ್ತಾದರು ತೀರಿಕೊಂಡರು. ಮಣ್ಣಿಗೆ ಅವನೂ ಬಂದಿದ್ದ. ಇಬ್ಬರ ತಲೆಯೂ ಬೆಳ್ಳಗಾಗಿದೆ.

"ಈಗಾದ್ರೂ ಹೇಳೋ. ಆವತ್ತು ಗಾಳಿ ಹೆಂಗ ಹಿಡಿದಿ?"

ನನ್ನ ಜೇಬಿನಲ್ಲಿ ಚಿಟಿಕೆ ಹೊಟ್ಟಿತ್ತು. ಅದನ್ನು ಮಣ್ಣಿನ ಮೇಲೆ ಉದುರಿಸಿ ಹೇಳಿದೆ:

"ಬಾವುಟ ನೋಡಿದ್ನೆಪ್ಪ. ಆವತ್ತು ಒಣಗಿತ್ತು."

ಅವನು ತಲೆಯೆತ್ತಲಿಲ್ಲ. ಉಸ್ತಾದರು ಇದ್ದು ಇದನ್ನು ಕೇಳಬೇಕಿತ್ತು.