ಪುಟ್ಟ ಮನೆ ಮಾಡಿದ್ದು

ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಟೋಕನ್ ಕೊಡುವ ಕೆಲಸ ಅಕ್ಕನಿಗೆ ಹೇಳಿ ಮಾಡಿಸಿದಂತಿತ್ತು. ಅಲ್ಲಿಗೆ ಬರುವವರ ದವಡೆ ಊದಿರುತ್ತದೆ. ಬಾಯಿ ತೆರೆಯಲು ಆಗುವುದಿಲ್ಲ, ಸರದಿ ಬಿಟ್ಟು ಎದ್ದು ಹೋಗುವಂತೆಯೂ ಇಲ್ಲ. ತನ್ನ ಕಷ್ಟ ಹೇಳಿಕೊಳ್ಳಲು ಇದಕ್ಕಿಂತ ಒಳ್ಳೆಯ ಸಭಿಕರು ಯಾರಿಗೆ ಸಿಕ್ಕಾರು?

ಅಕ್ಕನ ಕಷ್ಟಕ್ಕೆ ಪುಟ್ಟ ಎಂದು ಹೆಸರು. ಅವಳ ತಮ್ಮ. ವಯಸ್ಸು ನಲವತ್ತು ದಾಟಿತ್ತು, ಮೀಸೆ ಅರ್ಧ ಬೆಳ್ಳಗಾಗಿತ್ತು, ಆದರೂ ಪುಟ್ಟ. ಹುಟ್ಟಿನಿಂದಲೇ ಅವನ ಬುದ್ಧಿಯ ಬೆಳವಣಿಗೆ ನಿಧಾನ. ಮಾತು ತಡವರಿಸುತ್ತಿತ್ತು, ಲೆಕ್ಕ ತಲೆಗೆ ಹತ್ತುತ್ತಿರಲಿಲ್ಲ. ಅಪ್ಪ ಅಮ್ಮ ಹೋದ ಮೇಲೆ ಅವನನ್ನು ಅಂಗೈಯಲ್ಲಿಟ್ಟು ಸಾಕಿದವಳು ಅಕ್ಕ. ಅಂಗೈ ಸ್ವಲ್ಪ ಬಿಗಿಯಾಗಿಯೇ ಮುಚ್ಚಿತ್ತು ಅನ್ನುವುದು ಬೇರೆ ಮಾತು. ಅವನ ಅಂಗಿಯ ಗುಂಡಿ ಹಾಕುವವಳು ಅವಳು, ಬೂಟಿನ ದಾರ ಕಟ್ಟುವವಳು ಅವಳು, ಡಾಕ್ಟರು "ಎಲ್ಲಿ ನೋಯ್ತಿದೆ?" ಎಂದು ಅವನನ್ನು ಕೇಳಿದರೆ "ಹೊಟ್ಟೆ" ಎನ್ನುವವಳೂ ಅವಳೇ. ಒಮ್ಮೆ ನೋವು ಕಿವಿಯಲ್ಲಿತ್ತು. ಪುಟ್ಟ ಹೊಟ್ಟೆಯ ಮಾತ್ರೆಯನ್ನೇ ನುಂಗಿ ಸುಮ್ಮನಾದ.

ಬೀದಿಯವರು ಅವಳನ್ನು ತ್ಯಾಗಮಯಿ ಎನ್ನುತ್ತಿದ್ದರು. ಬಂಧುಗಳಂತೂ ಹೊಗಳಿಕೆಯಲ್ಲಿ ಕೈ ಬಿಗಿ ಹಿಡಿಯುತ್ತಿರಲಿಲ್ಲ. ಹೊಗಳಿದರೆ ಪುಟ್ಟನನ್ನು ಒಂದು ದಿನ ಮನೆಯಲ್ಲಿಟ್ಟುಕೊಳ್ಳುವ ಪ್ರಮೇಯ ಬರುವುದಿಲ್ಲವಲ್ಲ. ಅಕ್ಕ ತಮ್ಮನಿಗಾಗಿ ಮದುವೆಯನ್ನೇ ಬಿಟ್ಟಳು ಎಂಬುದು ಅವರ ಹೆಮ್ಮೆ. ನಿಜ ಹೇಳಬೇಕೆಂದರೆ ಬಂದದ್ದು ಒಂದೇ ಸಂಬಂಧ, ಒಲ್ಲೆ ಎಂದವನು ಹುಡುಗ. ವರ್ಷಗಳು ಉರುಳಿದಂತೆ ಬಂಧುಗಳ ಬಾಯಲ್ಲಿ ಆ ಒಂದು ಮೂರಾಯಿತು, ಮೂರನ್ನೂ ಅಕ್ಕನೇ ಒದ್ದಳು.

ಪುಟ್ಟ ಹಗಲು ಹೊತ್ತು ಅವನಂಥವರಿಗೆಂದೇ ಇದ್ದ ಕೇಂದ್ರವೊಂದಕ್ಕೆ ಹೋಗುತ್ತಿದ್ದ. ಅಲ್ಲಿ ಹೋಟೆಲುಗಳ ಟವೆಲು, ಹಾಸಿಗೆ ಬಟ್ಟೆ ಮಡಚುವ ಕೆಲಸ. ಅಕ್ಕ ಅದನ್ನು ಕೆಲಸ ಎಂದು ಒಪ್ಪಿರಲಿಲ್ಲ. "ಏನೋ, ಹೊತ್ತು ಹೋಗುತ್ತೆ" ಎನ್ನುತ್ತಿದ್ದಳು. ಒಂದು ಭಾನುವಾರ ಆ ಕೇಂದ್ರದ ಟೀಚರು ಮನೆಗೆ ಬಂದಳು. ಕೇಂದ್ರದವರು ಹತ್ತಿರದಲ್ಲೇ ಒಂದು ಮನೆ ಹಿಡಿದಿದ್ದಾರಂತೆ. ನಾಲ್ಕು ಜನ ಸೇರಿ ಇರುವುದು, ಅಡುಗೆ, ಕಸ ಎಲ್ಲ ಸರದಿಯಂತೆ, ಜೊತೆಗೆ ಯಾವಾಗಲೂ ಒಬ್ಬ ಸಹಾಯಕ. ಒಂದು ಕೋಣೆ ಖಾಲಿ ಇದೆ.

"ನೀವೇನಂತೀರಿ?" ಎಂದಳು ಟೀಚರು.

"ಸಾಧ್ಯವೇ ಇಲ್ಲ," ಎಂದಳು ಅಕ್ಕ.

"ನಾನು ಇವ್ರನ್ನ ಕೇಳಿದ್ದು."

ಅಕ್ಕ ಹಿಂದೆ ತಿರುಗಿ ನೋಡಿದಳು, ಬೇರೆ ಯಾರಾದರೂ ಬಂದರೇನೋ ಎಂದು. ಪುಟ್ಟನನ್ನು ಜನ್ಮದಲ್ಲಿ ಯಾರೂ 'ನೀವು' ಅಂದಿರಲಿಲ್ಲ. ಪುಟ್ಟನೂ ಒಂದು ಸಲ ಹಿಂದೆ ನೋಡಿಕೊಂಡ. ಆಮೇಲೆ ಬೆನ್ನು ನೆಟ್ಟಗೆ ಮಾಡಿಕೊಂಡು ಹೇಳಿದ: "ಹೋಗ್ತೀನಿ. ಅಲ್ಲಿ ಬೀಗದ್ಕೈ ಕೊಡ್ತಾರೆ. ನಂದೇ."

ಸಂಜೆಯೊಳಗೆ ಚಿಕ್ಕಪ್ಪ ಚಿಕ್ಕಮ್ಮ ಓಡಿ ಬಂದರು. ಅಪ್ಪ ಆಸ್ಪತ್ರೆ ಸೇರಿದ್ದಾಗ ಅವರಿಗೆ ಇಷ್ಟು ಬೇಗ ಬಸ್ಸು ಸಿಕ್ಕಿರಲಿಲ್ಲ.

"ಜನ ಏನಂತಾರೆ?" ಎಂದರು ಚಿಕ್ಕಪ್ಪ. "ಸ್ವಂತದೋರು ಇಲ್ವೇನೋ ಅನ್ನೋ ಹಾಗೆ ಎಲ್ಲೋ ಬಿಟ್ಬಂದ್ರು ಅನ್ನಲ್ವಾ?"

"ನಾವೆಲ್ಲ ಸತ್ತಿದೀವಾ?" ಎಂದರು ಚಿಕ್ಕಮ್ಮ, ಸೆರಗಿನಿಂದ ಒಣಗಿದ ಕಣ್ಣೊರೆಸಿಕೊಂಡು. "ನಮ್ಮ ರಕ್ತ ಕಣೋ ನೀನು."

ಪುಟ್ಟ ಯೋಚಿಸಿದ. ಯೋಚಿಸುವುದಕ್ಕೆ ಅವನಿಗೆ ಹೊತ್ತು ಹಿಡಿಯುತ್ತದೆ. "ಹಾಗಾದ್ರೆ ನಿಮ್ಮನೇಗೇ ಬರ್ಲಾ, ಚಿಕ್ಕಮ್ಮ? ನಂಗೆ ಟವೆಲ್ ಮಡಚೋಕೆ ಬರುತ್ತೆ."

ಚಿಕ್ಕಮ್ಮನ ಅಳುವಿಗೆ ಬ್ರೇಕು ಬಿತ್ತು. ಅವರ ಮನೆಯಲ್ಲಿ ಕೋಣೆಗೆ ಬಣ್ಣ ಬಳಿಸುವುದಿತ್ತು. ಚಿಕ್ಕಪ್ಪನಿಗೆ ಬೆನ್ನುನೋವಿತ್ತು. ಕೊನೆಯ ಬಸ್ಸು ಹೊರಡಲು ಬಹಳ ಹೊತ್ತಿದ್ದರೂ ಅದು ಅವರಿಗೆ ಆಗಲೇ ನೆನಪಾಯಿತು. ಬಾಗಿಲಲ್ಲಿ ಚಿಕ್ಕಪ್ಪ, "ಎಲ್ಲ ಅವನ ಇಷ್ಟ. ನಾವ್ಯಾರು ಬೇಡ ಅನ್ನೋಕೆ?" ಎಂದು ಉದಾರವಾಗಿ ಅಪ್ಪಣೆ ಕೊಟ್ಟು ಹೋದರು.

ಅಕ್ಕ ಮುಖ ಊದಿಸಿಕೊಂಡು ಆ ಮನೆ ನೋಡಲು ಹೋದಳು. ಕಿಟಕಿಯ ಸರಳಿನ ಮೇಲೆ ಬೆರಳಾಡಿಸಿದಳು, ದೂಳಿರಲಿಲ್ಲ. ತಾನು ಬರುತ್ತೇನೆಂದು ಒರೆಸಿದ್ದಾರೆ ಎಂದುಕೊಂಡಳು. ಬಚ್ಚಲಲ್ಲಿ ಜಾರುತ್ತದೆಯೇ ಎಂದು ಬರಿಗಾಲಲ್ಲಿ ಓಡಾಡಿದಳು, ಜಾರಲಿಲ್ಲ, ಅದೂ ಬೇಸರವಾಯಿತು. ಸಹಾಯಕನಿಗೆ ಪುಟ್ಟನ ನಿದ್ದೆ, ನೆಗಡಿ, ಮುನಿಸು ಎಲ್ಲವನ್ನೂ ಬಾಯಿಪಾಠ ಮಾಡಿಸಿದಳು. ಅವನು ತಲೆಯಾಡಿಸಿ ಆಡಿಸಿ ಕುತ್ತಿಗೆ ಹಿಡಿದುಕೊಂಡ. ಅಷ್ಟೂ ಸಾಲದೆ ಪುಟ್ಟನ ಒಂದೊಂದು ಅಂಗಿಯ ಕಾಲರಿನ ಒಳಗೂ ತನ್ನ ಫೋನ್ ನಂಬರನ್ನು ದಾರದಲ್ಲಿ ಹೊಲಿದು ಕಳಿಸಿದಳು. ಯಾರಿಗೂ ಹೇಳಲಿಲ್ಲ.

ಮೊದಮೊದಲು ಅಲ್ಲಿಂದ ಬಂದ ಸುದ್ದಿಗಳು ಅವಳಿಗೆ ಹಾಲು ಕುಡಿದಷ್ಟು ಸಂತೋಷ ಕೊಟ್ಟವು. ಪುಟ್ಟ ಪಾತ್ರೆಯನ್ನು ಸೀಯಿಸಿ ಕರಕಲು ಮಾಡಿದ. ನಲ್ಲಿ ತಿರುಗಿಸಿಟ್ಟು ಮರೆತು ಮನೆಯನ್ನೇ ಕೆರೆ ಮಾಡಿದ. ಟಿ.ವಿ. ರಿಮೋಟಿಗಾಗಿ ಪಕ್ಕದ ಕೋಣೆಯವನ ಜೊತೆ ಕೈಕೈ ಮಿಲಾಯಿಸಿದ. "ನಾನು ಹೇಳ್ಲಿಲ್ವಾ?" ಎಂದು ಅಕ್ಕ ಹಲ್ಲುನೋವಿನ ಒಬ್ಬೊಬ್ಬರಿಗೂ ವರದಿ ಒಪ್ಪಿಸಿದಳು. ಅವರು ಹೂಂ ಎಂದು ನರಳಿದ್ದನ್ನು ಒಪ್ಪಿಗೆ ಎಂದೇ ಭಾವಿಸಿದಳು. ಆದರೆ ಸಂಜೆ ಮನೆಗೆ ಬಂದರೆ ಯಾರ ಗುಂಡಿಯನ್ನೂ ಬಿಚ್ಚುವುದಿರಲಿಲ್ಲ. ತಟ್ಟೆ ಒಂದೇ ತೊಳೆಯುವುದು. ಬೈಯಲು ಗೋಡೆಯೊಂದೇ ಉಳಿದಿತ್ತು.

ಹೀಗಿರುವಾಗ ಒಂದು ಸಂಜೆ ಕ್ಲಿನಿಕ್ಕಿನಲ್ಲಿದ್ದಾಗ ಅಕ್ಕನ ಫೋನು ರಿಂಗಾಯಿತು.

"ನಮ್ದು ಕಟಿಂಗ್ ಶಾಪು," ಎಂದಿತು ಆ ಕಡೆಯ ದನಿ. "ಇಲ್ಲೊಬ್ರು ಬಂದು ಕೂತಿದಾರೆ. ಬಸ್ಸಿಂದ ಬೇರೆ ಕಡೆ ಇಳ್ಕೊಂಡ್ಬಿಟ್ರಂತೆ. ಕುತ್ತಿಗೆಗೆ ಬಟ್ಟೆ ಸಿಗಿಸೋವಾಗ ಕಾಲರಲ್ಲಿ ನಿಮ್ಮ ನಂಬರ್ ಕಾಣಿಸ್ತು."

ಅಕ್ಕನಿಗೆ ಜೀವ ಬಾಯಿಗೆ ಬಂತು. ಆ ಗಾಬರಿಯ ನಡುವೆಯೂ ಎದೆಯ ಮೂಲೆಯಲ್ಲೆಲ್ಲೋ ಗೆದ್ದೆ ಎಂಬ ಡೋಲು ಮೊಳಗಿತು, ಸುಳ್ಳೇಕೆ ಹೇಳಬೇಕು? ಟೋಕನ್ನುಗಳನ್ನು ಹಾಗೆಯೇ ಬಿಟ್ಟು ಆಟೋ ಹತ್ತಿದಳು. ಇವತ್ತೇ ಮನೆಗೆ ಕರೆದುಕೊಂಡು ಹೋಗುವುದು, ನಾಳೆ ಟೀಚರಿಗೆ ಮಂಗಳಾರತಿ ಮಾಡುವುದು ಎಂದು ದಾರಿಯುದ್ದಕ್ಕೂ ಮಾತು ಮಸೆದಳು.

ಅಂಗಡಿಯಲ್ಲಿ ಪುಟ್ಟ ಇರಲಿಲ್ಲ. ನುಣ್ಣನೆಯ ಮುಖದ ಒಬ್ಬ ಗಂಡಸು ಕನ್ನಡಿ ನೋಡಿಕೊಂಡು ಕೂತಿದ್ದ. "ನನ್ನ ತಮ್ಮ ಎಲ್ಲಿ?" ಎಂದು ಅಕ್ಕ ಕೂಗಿದ ಮೇಲೆ ಆ ಗಂಡಸು ತಿರುಗಿ, "ಅಕ್ಕಾ!" ಎಂದ.

ಮೀಸೆ ಹೋಗಿತ್ತು. ಅಪ್ಪನದೇ ಪಡಿಯಚ್ಚು ಎಂದು ಅವಳು ಇಷ್ಟು ವರ್ಷ ಬಾಚಿ ಕತ್ತರಿಸಿ ಬೆಳೆಸಿದ್ದ ಮೀಸೆ.

"ಯಾರನ್ನ ಕೇಳಿ ತೆಗೆದ್ರಿ?" ಎಂದು ಅಂಗಡಿಯವನ ಮೇಲೆ ಹಾರಿದಳು.

"ಅವ್ರ ಮೀಸೆ, ಅವ್ರನ್ನೇ ಕೇಳ್ದೆ," ಎಂದ ಅವನು, ಕತ್ತಿ ಒರೆಸುತ್ತ.

"ಚುಚ್ಚುತ್ತೆ ಅಕ್ಕ, ಅದು," ಎಂದ ಪುಟ್ಟ. "ಯಾವಾಗ್ಲೂ ಚುಚ್ಚುತ್ತೆ. ನೀನು ಅಪ್ಪ ಅಪ್ಪ ಅಂತಿದ್ಯಲ್ಲ, ಅದಕ್ಕೆ ಇಟ್ಕೊಂಡಿದ್ದೆ."

ಅಕ್ಕ ಅವನ ಕುತ್ತಿಗೆಯ ಬಟ್ಟೆ ಬಿಚ್ಚಿದಳು. "ಆಯ್ತು, ಏಳು. ನಡಿ ನಮ್ಮನೇಗೆ" ಎಂದಷ್ಟೇ ಅಂದಳು.

ಪುಟ್ಟ ಖುಷಿಯಿಂದ ಎದ್ದ. ಆಟೋದವನಿಗೆ ತಾನೇ ದಾರಿ ಹೇಳಿದ. ನೀರಿನ ಟ್ಯಾಂಕಿನ ಹತ್ತಿರ ಎಡಕ್ಕೆ, ಹಸಿರು ಗೇಟು. ಅಕ್ಕ "ಅದಲ್ಲ ಕಣೋ, ನಮ್ಮನೆ..." ಎಂದು ಬಾಯಿ ತೆರೆದಳು. ಅವನು ಜೇಬಿನಿಂದ ಬೀಗದಕೈ ತೆಗೆದು ಆಗಲೇ ಬೆರಳಿಗೆ ಸಿಕ್ಕಿಸಿಕೊಂಡಿದ್ದ. ಹಸಿರು ಗೇಟಿನ ಮುಂದೆ ಸಹಾಯಕ ಗಾಬರಿಯಲ್ಲಿ ಅತ್ತಿಂದಿತ್ತ ಓಡಾಡುತ್ತಿದ್ದ. ದಾರಿಯಲ್ಲಿ ಮಸೆದ ಮಾತು ಅಕ್ಕನ ಬಾಯಲ್ಲೇ ಉಳಿಯಿತು. ಪುಟ್ಟ ಬೀಗ ತೆಗೆದು, "ಬಾ, ಕೂತ್ಕೋ. ಚಪ್ಪಲಿ ಹೊರಗೆ ಬಿಡು," ಎಂದ. ಅವಳು ಹೊರಗೆ ಬಿಟ್ಟಳು. ಅವನು ಚಹಾ ಮಾಡಿ ತಂದ. ಸಕ್ಕರೆ ಹಾಕುವುದನ್ನು ಮರೆತಿದ್ದ. ಅಕ್ಕ ಪೂರ್ತಿ ಕುಡಿದಳು.

ವರ್ಷ ಕಳೆಯುವುದರೊಳಗೆ ಅಕ್ಕ ಕಥೆಯನ್ನು ಮಗುಚಿ ಹಾಕಿದಳು. "ಹಠ ಹಿಡಿದು ಕಳಿಸ್ದೆ. ಎಷ್ಟು ದಿನ ಅಂತ ನಮ್ಮ ಮೇಲೇ ಇರೋದು? ಅವ್ನಿಗೂ ಒಂದು ಬಾಳು ಬೇಡ್ವಾ?" ಈಗ ಅವಳು ದೂರದೃಷ್ಟಿಯ ಮಹಿಳೆ. ಕೇಂದ್ರದವರು ಹೊಸ ಪಾಲಕರ ಸಭೆಯಲ್ಲಿ ನಾಲ್ಕು ಮಾತಾಡಲು ಕರೆದಾಗ ಇಸ್ತ್ರಿ ಮಾಡಿದ ಸೀರೆಯುಟ್ಟು ಹೋದಳು.

"ನಾನು ಒಂದು ಹನಿ ಕಣ್ಣೀರು ಹಾಕ್ಲಿಲ್ಲ," ಎಂದು ಮೈಕಿನಲ್ಲಿ ಹೇಳಿದಳು. "ಗಟ್ಟಿ ಮನಸ್ಸು ಮಾಡಿ..."

"ಸುಳ್ಳು!" ಮುಂದಿನ ಸಾಲಿನಿಂದ ಪುಟ್ಟ ಎದ್ದು ನಿಂತ. "ಅಳ್ತಿದ್ಲು. ನಾನು ಹೋದ ದಿನ, ಗೇಟಲ್ಲಿ. ಸಿಂಬಳ ಸುರಿಸ್ಕೊಂಡು."

ಸಭೆಯೆಲ್ಲ ನಕ್ಕಿತು. ಅಕ್ಕನ ಮುಖ ಕೆಂಪಾಯಿತು. ಆಮೇಲೆ, "ಹೌದು. ಅತ್ತೆ. ಅವ್ನಿಗೇನಾಗುತ್ತೋ ಅಂತಲ್ಲ, ನಂಗೇನಾಗುತ್ತೋ ಅಂತ," ಎಂದಳು. ಭಾಷಣದಲ್ಲಿ ನಿಜವಿದ್ದ ವಾಕ್ಯ ಅದೊಂದೇ, ಚಪ್ಪಾಳೆ ಬೀಳದ ವಾಕ್ಯವೂ ಅದೊಂದೇ.

ಸಭೆ ಮುಗಿದ ಮೇಲೆ ಒಬ್ಬ ತಾಯಿ ಹತ್ತಿರ ಬಂದಳು. ಪಕ್ಕದಲ್ಲಿ ಮೂವತ್ತರ ಮಗಳು, ಇಬ್ಬರ ಕೈಯೂ ಒಂದಕ್ಕೊಂದು ಅಂಟಿಕೊಂಡಿತ್ತು. "ಆ ಅಳು ಯಾವಾಗ ನಿಂತಿತ್ರೀ?" ಎಂದು ಮೆಲ್ಲಗೆ ಕೇಳಿದಳು.

ಅಕ್ಕನ ನಾಲಗೆ ತುದಿಗೆ ಒಂದು ದೊಡ್ಡ ಉಪದೇಶ ಬಂದಿತ್ತು. ಅದನ್ನು ನುಂಗಿಕೊಂಡು, "ನಿಂತ ಮೇಲೆ ಹೇಳ್ತೀನಿ," ಎಂದಳು. "ನೀವು ಯಾವ ಕಡೆ? ಬನ್ನಿ, ಬಸ್‌ಸ್ಟಾಪಿನವರೆಗೆ ಮಾತಾಡ್ತಾ ಹೋಗೋಣ."

ಪುಟ್ಟ ಅಕ್ಕನಿಗಾಗಿ ಕಾಯಲಿಲ್ಲ. ಅವತ್ತು ತರಕಾರಿ ಹೆಚ್ಚುವ ಸರದಿ ಅವನದು.