ಆಸರಿಗೆ ಕೇಳಿಸಿದ ಅಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಶಿರಸಿ ಬಳಿಯ ಇಸಳೂರಿನ ಮನೆಯೊಂದರ ಮುಂದಿನ ಕೋಣೆಯಲ್ಲಿ ಪರಿಮಳಾ ಭಟ್ಟ ತಾಮ್ರದ ತಂಬಿಗೆಗೆ ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದಾರೆ. ತಿಕ್ಕಿದ್ದನ್ನೇ ಮತ್ತೆ ತಿಕ್ಕುತ್ತಾರೆ. ನೀರು ತುಂಬಿಟ್ಟು, ಪಕ್ಕದಲ್ಲಿ ಬೆಲ್ಲದ ತಟ್ಟೆ ಇಟ್ಟು, ಬೆಂಚನ್ನು ಕಿಟಕಿಯ ಹತ್ತಿರ ಎಳೆಯುತ್ತಾರೆ. ಸರಿ ಕಾಣದೆ ಗೋಡೆಗೆ ತಳ್ಳುತ್ತಾರೆ. ದಾಸನಕೊಪ್ಪದಿಂದ ಮೊದಲ ಬಸ್ಸಿಗೆ ಒಂದು ಜೋಡಿ ಬರುವುದಿದೆ. ಮಧ್ಯಾಹ್ನ ಅವರು ವಕೀಲರಲ್ಲಿ ವಿಚ್ಛೇದನದ ಅರ್ಜಿಗೆ ಸಹಿ ಹಾಕುವವರು. ಸುಬ್ಬಲಕ್ಷ್ಮಿ ಅಕ್ಕ ತೀರಿಕೊಂಡ ಮೇಲೆ ಪರಿಮಳಾ ಒಬ್ಬರೇ ಎದುರಿಸಬೇಕಾದ ಮೊದಲ ಜೋಡಿ ಇದು.

"ಅಕ್ಕ ತೀರಿಕೊಂಡಿದ್ದು ಇನ್ನೂ ನಂಬಲೇ ಆಗ್ತಿಲ್ಲೆ. ಬಾಗಿಲು ಸದ್ದಾದ್ರೆ ತಿರುಗಿ ನೋಡ್ತೆ," ಎನ್ನುತ್ತಾರೆ.

ಸುಬ್ಬಲಕ್ಷ್ಮಿ ಹೆಗಡೆ ಶಿರಸಿ, ಸಿದ್ದಾಪುರ, ಯಲ್ಲಾಪುರಗಳಲ್ಲಿ ಬಸ್ಸಿನಲ್ಲೇ ಓಡಾಡಿ ಮುರಿದ ಮನೆಗಳನ್ನು ಮಾತಾಡಿಸಿದ ಆಪ್ತಸಮಾಲೋಚಕಿ. ಅರಬೈಲ್ ಘಟ್ಟದ ತಿರುವುಗಳಲ್ಲಿ ವಾಂತಿ ಮಾಡಿಕೊಂಡಾದರೂ ಹೋಗುತ್ತಿದ್ದರು. ನಸುಕಿನ ಜಪದಲ್ಲಿ ತಮ್ಮಲ್ಲಿಗೆ ಬಂದವರ ಹೆಸರನ್ನೂ ಸೇರಿಸಿಕೊಳ್ಳುವಷ್ಟು ದೈವಭಕ್ತೆ. ಹಾಗೆಂದು ತಾಯಿತ, ನಿಂಬೆಹಣ್ಣು ಕೇಳಿ ಬಂದವರು ಮುಖ ಸಿಂಡರಿಸಿಕೊಂಡೇ ಹೋಗಬೇಕಿತ್ತು. "ದೇವ್ರಿಗೆ ಆನು ಹೇಳ್ತೆ, ಗಂಡಂಗೆ ನೀನೇ ಹೇಳು," ಎನ್ನುತ್ತಿದ್ದರು. ಗಂಡ-ಹೆಂಡಿರ ಜಗಳ ಉಂಡು ಮಲಗುವ ತನಕ ಎಂದು ಯಾರಾದರೂ ಸಮಾಧಾನ ಹೇಳಿದರೆ, ಉಣ್ಣದೇ ಮಲಗಿದವರೇ ನಮ್ಮಲ್ಲಿಗೆ ಬರುವುದು ಎಂದು ನಗುತ್ತಿದ್ದರು.

ಈ ಕಡೆ ಮನೆಗೆ ಯಾರೇ ಬಂದರೂ ಮೊದಲ ಮಾತು "ಆಸರಿಗೆ ಎಂತ ಬೇಕು?" ಬಾಯಾರಿಕೆಗೆ ಏನು ಕೊಡಲಿ ಎಂದು. ದಾರಿಹೋಕರಿಗೂ ಕೇಳುವ ಈ ಮಾತನ್ನು ಮುನಿದ ಮನೆಯವರು ಒಬ್ಬರಿಗೊಬ್ಬರು ಕೇಳುವುದಿಲ್ಲ ಎಂಬುದು ಅಕ್ಕನ ಕಣ್ಣಿಗೆ ಬಿದ್ದಿತ್ತು. ಹಾಗಾಗಿ ಅವರ ಕೋಣೆಯಲ್ಲಿ ನೀರು, ಬೆಲ್ಲ ಎದುರಿಗೇ ಇರುತ್ತಿದ್ದವು, ಅಕ್ಕ ತಾವಾಗಿ ಕೊಡುತ್ತಿರಲಿಲ್ಲ. ಬಂದವರಲ್ಲಿ ಒಬ್ಬರು ಇನ್ನೊಬ್ಬರನ್ನು ಕೇಳಲಿ ಎಂದು ಕಾಯುತ್ತಿದ್ದರು. ಕೆಲಸ ಕಲಿಯಲು ಸೇರಿದ ಹೊಸತರಲ್ಲಿ ಪರಿಮಳಾ, ಇದ್ಯಾವ ಮರ್ಯಾದೆ ಎಂದುಕೊಂಡು ತಾವೇ ಲೋಟ ತುಂಬಿ ಕೊಟ್ಟರು. ಆ ಗಂಡ-ಹೆಂಡತಿ ಕುಡಿದು, ಥ್ಯಾಂಕ್ಸ್ ಹೇಳಿ, ಎದ್ದು ಹೋದರು. "ನೀ ಕೊಟ್ರೆ ಬಾಯಾರಿಕೆ ಹೋಗ್ತು, ಮುನಿಸು ಹೋಗ್ತಿಲ್ಲೆ. ಕೈ ಹಿಂದೆ ಇಟ್ಕ, ತಂಗಿ," ಎಂದರಂತೆ ಅಕ್ಕ.

ಬಸ್ಸು ಬರುತ್ತದೆ. ಆನಂದ, ಶಿಲ್ಪಾ ಬೆಂಚಿನ ಎರಡು ತುದಿ ಹಿಡಿಯುತ್ತಾರೆ. ಒಂದೇ ಸೂರಿನಡಿ ಇದ್ದೂ ಇವರ ಮಾತೆಲ್ಲ ತಿಂಗಳುಗಟ್ಟಲೆ ಮಗಳ ಬಾಯಿಂದಲೇ: ಅಪ್ಪಗ ಹೇಳು, ಅವ್ವಗ ಹೇಳು.

"ಸಹಿ ಮಾಡೋದೊಂದ ಬಾಕಿ ಐತ್ರಿ. ವಕೀಲರು ಹೋಗಿ ಬರ್ರಿ ಅಂದ್ರು, ಬಂದೀವಿ," ಎನ್ನುತ್ತಾನೆ ಆನಂದ, ಗೋಡೆಗೆ.

ಬಿಸಿಲು ಬಾಗಿಲು ದಾಟಿ ಒಳಗೆ ಬರುತ್ತದೆ. ಶಿಲ್ಪಾ ಒಣಗಿದ ತುಟಿ ಸವರಿಕೊಳ್ಳುತ್ತಾಳೆ. ಪರಿಮಳಾ ಅವರ ಕೈ ತಂಬಿಗೆಯತ್ತ ಹೋಗಿ ಹಿಂದಕ್ಕೆ ಬರುತ್ತದೆ. ಅಕ್ಕ ಇದ್ದಿದ್ದರೆ ಇಷ್ಟು ಹೊತ್ತು ಕಾಯುತ್ತಿದ್ದರೇ? ಇವರು ಎದ್ದು ಹೋಗಿಬಿಟ್ಟರೆ? ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚುತ್ತಾರೆ, ಮತ್ತೆ ಸುತ್ತುತ್ತಾರೆ.

"ನೀರ ಕುಡೀತಿಯೇನ?" ಆನಂದನ ದನಿ ಅವನಿಗೇ ಕೇಳಿಸುವಷ್ಟಿದೆ.

ಶಿಲ್ಪಾ ಅವನತ್ತ ತಿರುಗುತ್ತಾಳೆ. "ಹೊಟ್ಟ್ಯಾಗಿನ ಕೂಸು ಹೋಗಿ ದವಾಖಾನ್ಯಾಗ ಬಿದ್ದಾಗ ಯಾಕ ಕೇಳಲಿಲ್ಲ? ಆವತ್ತ ಅಂಗಡಿ ಬಾಗ್ಲಾ ತಗದ್ರಿ."

"ಮನ್ಯಾಗ ಕುಂತ್ರ ಅಳು ತಡ್ಯಾಕ ಆಗತಿರಲಿಲ್ಲ. ನಿನ್ನ ಮುಂದ ಹೆಂಗ ಅಳ್ಲಿ?"

ಅವಳು ಅಳುತ್ತಾಳೆ. ಅವನು ಲೋಟ ತುಂಬುತ್ತಾನೆ, ಅರ್ಧ ನೀರು ನೆಲಕ್ಕೆ ಚೆಲ್ಲುತ್ತದೆ. ಎಲ್ಲ ಸರಿಹೋಯಿತು ಎಂದು ಬರೆದರೆ ಸುಳ್ಳಾದೀತು. ಇಬ್ಬರೂ ವಕೀಲರಿಗೆ ಫೋನು ಮಾಡಿ, ಇವತ್ತು ಬರುವುದಿಲ್ಲ ಎಂದಿದ್ದಾರೆ, ಅಷ್ಟೆ. ತಮ್ಮ ಕಥೆ ಬರೆಯಲು ಒಪ್ಪಿದವರೂ ಅವರೇ.

ಹೊರಡುವಾಗ ಶಿಲ್ಪಾ ಹೊಸ್ತಿಲಲ್ಲಿ ನಿಲ್ಲುತ್ತಾಳೆ. "ಅಕ್ಕಾರ, ನೀವು ನೀರ ಕುಡೀಲೇ ಇಲ್ಲಲ್ರೀ?" ಎಂದು ಒಂದು ಲೋಟ ತುಂಬಿ ಕೊಡುತ್ತಾಳೆ.

ಪ್ರತಿ ಸಂಜೆ ಕೋಣೆ ಖಾಲಿಯಾದ ಮೇಲೆ ಪರಿಮಳಾಗೆ ಆಸರಿಗೆ ಕೇಳುತ್ತಿದ್ದವರು ಸುಬ್ಬಲಕ್ಷ್ಮಿ ಅಕ್ಕ. ಅವರು ಹೋದ ಮೇಲೆ ಈ ಕೋಣೆಯಲ್ಲಿ ಯಾರೂ ಕೇಳಿರಲಿಲ್ಲ. ಪರಿಮಳಾ ನಿಂತಲ್ಲೇ ಲೋಟ ಬರಿದು ಮಾಡುತ್ತಾರೆ. ಆ ಇಬ್ಬರೂ ರಸ್ತೆ ತಿರುವಿನಲ್ಲಿ ಮರೆಯಾಗುವ ತನಕ ನೋಡಿ ಹೇಳುತ್ತಾರೆ:

"ಅಕ್ಕಂಗೊಂದು ಹೇಳಕಾಗಿತ್ತು. ಇವತ್ತು ಆನು ಕೈ ಹಿಂದೇ ಇಟ್ಕಂಡಿದ್ದಿ."